ಕೆನೆತ್ ಸ್ಟೀವರ್ಟ್ ಕೋಲ್

ಕೆನೆತ್ ಸ್ಟೀವರ್ಟ್ ಕೋಲ್ (ಜುಲೈ 10, 1900 – ಏಪ್ರಿಲ್ 18, 1984) ಅಮೆರಿಕದ ಜೀವಭೌತವಿಜ್ಞಾನಿ. ಜೀವಂತ ಕೋಶಗಳ ಮೂಲಕ ಪರ್ಯಾಯ ವಿದ್ಯುತ್ತನ್ನು ಹಾಯಿಸಿ, ಅದಕ್ಕೆ ಅವು ಒಡ್ಡುವ ತಡೆಯನ್ನು ಅಳೆದು, ಕೋಶಪೊರೆಯ ಗುಣಗಳನ್ನು ತಿಳಿಯುವ ವಿಧಾನಕ್ಕೆ ಭದ್ರವಾದ ಗಣಿತದ ತಳಹದಿಯನ್ನು ಹಾಕಿದವರಲ್ಲಿ ಇವರು ಪ್ರಮುಖರು. ನರತಂತುವಿನಲ್ಲಿ ಸಂದೇಶ ಸಾಗುವಾಗ ಅದರ ಪೊರೆಯ ರೋಧ ಕುಸಿಯುತ್ತದೆ ಎಂಬುದನ್ನು 1939ರಲ್ಲಿ ಹೋವರ್ಡ್ ಕರ್ಟಿಸ್ ಅವರೊಂದಿಗೆ ಪ್ರಯೋಗದಿಂದ ತೋರಿಸಿದರು. 1947ರಲ್ಲಿ ಇವರು ರೂಪಿಸಿದ ವೋಲ್ಟೇಜ್ ಕ್ಲ್ಯಾಂಪ್ ತಂತ್ರವು ನರವಿಜ್ಞಾನದ ದಿಕ್ಕನ್ನೇ ಬದಲಿಸಿತು. ಇಂದು ಪ್ರಯೋಗಾಲಯಗಳಲ್ಲಿ ಜೀವಕೋಶ ಕೃಷಿಯ ಬೆಳವಣಿಗೆಯನ್ನು ವಿದ್ಯುತ್ ಇಂಪೀಡೆನ್ಸ್ ಮೂಲಕ ಗಮನಿಸುವ ಉಪಕರಣಗಳೆಲ್ಲವೂ ಕೋಲ್ ಮತ್ತು ಅವರ ಹಿರಿಯ ಸಮಕಾಲೀನ ಹ್ಯೂಗೋ ಫ್ರಿಕೆ ಅವರ ಲೆಕ್ಕಾಚಾರಗಳ ಮೇಲೆ ನಿಂತಿವೆ.

ಬಾಲ್ಯ ಮತ್ತು ಶಿಕ್ಷಣ

ಕೋಲ್ ಅವರು ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ ಜನಿಸಿದರು. ತಂದೆ ಚಾರ್ಲ್ಸ್ ನೆಲ್ಸನ್ ಕೋಲ್ ಲ್ಯಾಟಿನ್ ಭಾಷೆಯ ಅಧ್ಯಾಪಕರು. ತಾಯಿ ಮೇಬೆಲ್ ಸ್ಟೀವರ್ಟ್. ಮಗು ಇನ್ನೂ ಚಿಕ್ಕದಿರುವಾಗಲೇ ಕುಟುಂಬ ಓಹಾಯೋ ರಾಜ್ಯದ ಓಬರ್ಲಿನ್‌ಗೆ ಬಂದು ನೆಲೆಸಿತು. ತಂದೆ ಅಲ್ಲಿನ ಓಬರ್ಲಿನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಮುಂದೆ ಡೀನ್ ಆಗಿ ಕೆಲಸ ಮಾಡಿದರು. ಹದಿನಾಲ್ಕು ವರ್ಷ ಕಿರಿಯರಾದ ತಮ್ಮ ರಾಬರ್ಟ್ ಕೋಲ್ ಮುಂದೆ ಭೌತರಸಾಯನ ವಿಜ್ಞಾನಿಯಾಗಿ ಅಣ್ಣನ ಸಂಶೋಧನೆಯಲ್ಲಿ ಜೊತೆಗೂಡಿದರು.

ಲ್ಯಾಟಿನ್ ಪಂಡಿತರ ಮನೆಯಲ್ಲಿ ಬೆಳೆದರೂ ಕೋಲ್ ಅವರ ಒಲವು ವಿದ್ಯುತ್ ಉಪಕರಣಗಳ ಕಡೆಗಿತ್ತು. ವಿದ್ಯಾರ್ಥಿಯಾಗಿದ್ದಾಗಲೇ ಸ್ಕೆನೆಕ್ಟಡಿ ನಗರದ ಜನರಲ್ ಎಲೆಕ್ಟ್ರಿಕ್ ಸಂಶೋಧನಾಲಯದಲ್ಲಿ ಕೆಲಕಾಲ ದುಡಿದರು. 1922ರಲ್ಲಿ ಓಬರ್ಲಿನ್‌ನಿಂದ ಭೌತಶಾಸ್ತ್ರದಲ್ಲಿ ಪದವಿ ಪಡೆದು, ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸೇರಿ, ಎಫ್. ಕೆ. ರಿಚ್ಟ್‌ಮೈಯರ್ ಅವರ ಬಳಿ ಸಂಶೋಧನೆ ನಡೆಸಿ 1926ರಲ್ಲಿ ಡಾಕ್ಟರೇಟ್ ಗಳಿಸಿದರು.

ಭೌತಶಾಸ್ತ್ರದ ಈ ವಿದ್ಯಾರ್ಥಿಯನ್ನು ಜೀವಶಾಸ್ತ್ರದ ಕಡೆಗೆ ತಿರುಗಿಸಿದ್ದು ಎರಡು ಬೇಸಿಗೆ ರಜೆಗಳು. 1923ರ ಬೇಸಿಗೆಯಲ್ಲಿ ಅವರು ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಡೆನ್ಮಾರ್ಕ್ ಮೂಲದ ಹ್ಯೂಗೋ ಫ್ರಿಕೆ ಅವರೊಂದಿಗೆ ಕೆಲಸ ಮಾಡಿದರು. ಮರುವರ್ಷ ಅಟ್ಲಾಂಟಿಕ್ ತೀರದ ವುಡ್ಸ್ ಹೋಲ್‌ನಲ್ಲಿರುವ ಸಾಗರ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಹೋಗಿ, ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಮೊಟ್ಟೆಗಳು ಹೊರಸೂಸುವ ಉಷ್ಣವನ್ನು ಅಳೆಯುವ ಕೆಲಸದಲ್ಲಿ ತೊಡಗಿದರು. ವುಡ್ಸ್ ಹೋಲ್‌ನೊಂದಿಗೆ ಅಂದು ಬೆಳೆದ ನಂಟು ಕೊನೆಯವರೆಗೂ ಉಳಿಯಿತು.

ಹಿನ್ನೆಲೆ: ಪೊರೆ ಇದೆಯೇ, ಇಲ್ಲವೇ?

ಕೋಲ್ ಅವರ ಸಾಧನೆಯನ್ನು ಅರಿಯಲು ಆ ಕಾಲದ ಒಂದು ದೊಡ್ಡ ಪ್ರಶ್ನೆಯನ್ನು ತಿಳಿದಿರಬೇಕು. ಜೀವಕೋಶದ ಸುತ್ತ ನಿಜವಾಗಿಯೂ ಒಂದು ಪೊರೆ ಇದೆಯೇ, ಇದ್ದರೆ ಅದು ಎಷ್ಟು ದಪ್ಪ ಎಂಬುದು ಆಗ ಇತ್ಯರ್ಥವಾಗಿರಲಿಲ್ಲ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅಷ್ಟು ತೆಳುವಾದ ವಸ್ತು ಕಾಣುವುದಿಲ್ಲ. ಪೊರೆಯ ಸ್ಪಷ್ಟ ಚಿತ್ರಗಳು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ದೊರೆತದ್ದು 1950ರ ದಶಕದಲ್ಲಿ. ಅದಕ್ಕೂ ಮೊದಲು ಉಳಿದಿದ್ದ ದಾರಿಗಳಲ್ಲಿ ವಿದ್ಯುತ್ತಿನದು ಒಂದು.

ವಿದ್ಯುತ್ತಿನಿಂದ ಜೀವಿಗಳನ್ನು ಅಳೆಯುವ ಯೋಚನೆ ಹೊಸದೇನೂ ಆಗಿರಲಿಲ್ಲ. ಬ್ಯಾಕ್ಟೀರಿಯಾಗಳು ಬೆಳೆಯುತ್ತಿರುವ ದ್ರವದ ವಿದ್ಯುತ್ ವಾಹಕತೆ ಬದಲಾಗುವುದನ್ನು ಜಿ. ಎನ್. ಸ್ಟೀವರ್ಟ್ ಎಂಬ ಶರೀರಕ್ರಿಯಾ ವಿಜ್ಞಾನಿ 1899ರಲ್ಲೇ ಪ್ರಕಟಿಸಿದ್ದರು. ಕೊಲ್ಕತ್ತದಲ್ಲಿ ಜಗದೀಶಚಂದ್ರ ಬೋಸರು ಸಸ್ಯಗಳ ವಿದ್ಯುತ್ ಪ್ರತಿಕ್ರಿಯೆಯನ್ನು ದಾಖಲಿಸುತ್ತಿದ್ದುದೂ ಇದೇ ಕಾಲದ ಆಸುಪಾಸಿನಲ್ಲಿ. ಜರ್ಮನಿಯ ರುಡಾಲ್ಫ್ ಹೋಬರ್ 1910ರಿಂದ ಮುಂದಿನ ಕೆಲವು ವರ್ಷಗಳಲ್ಲಿ, ಕೆಂಪು ರಕ್ತಕಣಗಳ ಒಳಭಾಗ ವಿದ್ಯುತ್ತನ್ನು ಚೆನ್ನಾಗಿ ಹಾಯಿಸುತ್ತದೆ, ತಡೆ ಇರುವುದು ಹೊರಗಿನ ಪದರದಲ್ಲಿ ಎಂಬುದನ್ನು ಹೆಚ್ಚು ಆವೃತ್ತಿಯ ವಿದ್ಯುತ್ ಬಳಸಿ ತೋರಿಸಿದರು.

ಇದರ ತತ್ತ್ವ ಸರಳ. ಉಪ್ಪುನೀರಿನಂಥ ದ್ರಾವಣ ವಿದ್ಯುತ್ತನ್ನು ಹಾಯಿಸುತ್ತದೆ. ಕೋಶದ ಒಳಗಿನ ದ್ರವವೂ ಹಾಗೆಯೇ. ನಡುವೆ ಇರುವ ಪೊರೆ ಮಾತ್ರ ಕೊಬ್ಬಿನ ಅಂಶದಿಂದಾದ ಅವಾಹಕ. ಎರಡು ವಾಹಕಗಳ ನಡುವೆ ತೆಳುವಾದ ಅವಾಹಕವಿದ್ದರೆ ಅದು ಧಾರಕವಾಗುತ್ತದೆ. ಹೀಗಾಗಿ ಪ್ರತಿಯೊಂದು ಜೀವಕೋಶವೂ ಒಂದು ಪುಟ್ಟ ಧಾರಕ. ಕಡಿಮೆ ಆವೃತ್ತಿಯ ಪರ್ಯಾಯ ವಿದ್ಯುತ್ ಕೋಶಗಳನ್ನು ಸುತ್ತುಬಳಸಿ ಸಾಗುತ್ತದೆ. ಹೊಳೆಯ ನೀರು ಬಂಡೆಗಳನ್ನು ಬಳಸಿಕೊಂಡು ಹರಿಯುವಂತೆ. ಆವೃತ್ತಿಯನ್ನು ಏರಿಸುತ್ತ ಹೋದಂತೆ ಪೊರೆಯ ತಡೆ ಕಡಿಮೆಯಾಗಿ, ವಿದ್ಯುತ್ ಕೋಶದ ಒಳಗಿನಿಂದಲೂ ಹಾದುಹೋಗುತ್ತದೆ. ರೋಧ ಮತ್ತು ಧಾರಕತೆ ಎರಡೂ ಸೇರಿ ಪರ್ಯಾಯ ವಿದ್ಯುತ್ತಿಗೆ ಒಡ್ಡುವ ಒಟ್ಟು ತಡೆಯೇ ಇಂಪೀಡೆನ್ಸ್. ಅದು ಆವೃತ್ತಿಯೊಂದಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಅಳೆದರೆ, ಪೊರೆಯನ್ನು ಕಾಣದೆಯೇ ಅದರ ಧಾರಕತೆಯನ್ನು ಲೆಕ್ಕಹಾಕಬಹುದು.

ಫ್ರಿಕೆ ಮಾಡಿದ್ದು ಇದನ್ನೇ. ಕೆಂಪು ರಕ್ತಕಣಗಳ ಪೊರೆಯ ಧಾರಕತೆ ಪ್ರತಿ ಚದರ ಸೆಂಟಿಮೀಟರಿಗೆ 0.81 ಮೈಕ್ರೋಫ್ಯಾರಡ್ ಎಂದೂ, ಅದರಿಂದ ಪೊರೆಯ ದಪ್ಪ ಸುಮಾರು 3.3 ನ್ಯಾನೋಮೀಟರ್ ಇರಬೇಕೆಂದೂ ಅವರು 1925ರಲ್ಲಿ ಪ್ರಕಟಿಸಿದರು. ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಮೂರಕ್ಕಿಂತ ತುಸು ಹೆಚ್ಚು! ಆ ಪೊರೆ ಅಣುಗಳ ಗಾತ್ರದಷ್ಟೇ ತೆಳುವಾದದ್ದು ಎಂಬುದಕ್ಕೆ ದೊರೆತ ಮೊದಲ ಗಟ್ಟಿ ಆಧಾರಗಳಲ್ಲಿ ಇದು ಒಂದು.

ಮೊಟ್ಟೆಗಳ ಇಂಪೀಡೆನ್ಸ್

ಡಾಕ್ಟರೇಟ್ ಬಳಿಕ ಕೋಲ್ ಅವರು ಹಾರ್ವರ್ಡ್‌ನಲ್ಲಿ ಸಂಶೋಧನಾ ವೇತನದ ಮೇಲೆ ಕೆಲಸ ಮಾಡುತ್ತ, ಫ್ರಿಕೆ ಅವರ ವಿಧಾನವನ್ನು ಸೀ ಅರ್ಚಿನ್ ಮೊಟ್ಟೆಗಳಿಗೆ ಅನ್ವಯಿಸಿದರು. ಈ ಮೊಟ್ಟೆಗಳ ಆಯ್ಕೆಗೆ ಕಾರಣವಿತ್ತು. ಅವು ಒಂಟಿ ಕೋಶಗಳು, ಹೆಚ್ಚು ಕಡಿಮೆ ಪೂರ್ಣ ಗೋಳಾಕಾರದವು, ಒಂದೇ ಗಾತ್ರದವು; ಬೇಸಿಗೆಯಲ್ಲಿ ಬೇಕಾದಷ್ಟು ದೊರೆಯುತ್ತಿದ್ದವು. ತಟ್ಟೆಯಂತಿರುವ ರಕ್ತಕಣಕ್ಕಿಂತ ಗೋಳಕ್ಕೆ ಗಣಿತ ಸುಲಭ. ಗೋಳಗಳು ತೇಲುತ್ತಿರುವ ದ್ರವದ ಇಂಪೀಡೆನ್ಸ್ ಎಷ್ಟಿರಬೇಕೆಂಬ ಸಿದ್ಧಾಂತವನ್ನೂ ಮೊಟ್ಟೆಗಳ ಮೇಲಿನ ಅಳತೆಯನ್ನೂ ಅವರು 1928ರಲ್ಲಿ ಎರಡು ಲೇಖನಗಳಾಗಿ ಪ್ರಕಟಿಸಿದರು. ಅಳತೆಯ ಬಿಂದುಗಳನ್ನು ರೋಧವನ್ನು ಒಂದು ಅಕ್ಷದಲ್ಲೂ ಧಾರಕತೆಯಿಂದ ಬರುವ ತಡೆಯನ್ನು ಇನ್ನೊಂದು ಅಕ್ಷದಲ್ಲೂ ಇಟ್ಟು ಗುರುತಿಸಿದಾಗ ಅವು ವೃತ್ತದ ಕಂಸವಾಗಿ ಜೋಡಿಸಿಕೊಳ್ಳುತ್ತವೆ. ಇಂದಿನ ಇಂಪೀಡೆನ್ಸ್ ಉಪಕರಣಗಳ ಪರದೆಯ ಮೇಲೂ ಇದೇ ಕಂಸ ಕಾಣಿಸುತ್ತದೆ.

ಆ ಬಳಿಕ ಕೋಲ್ ಜರ್ಮನಿಯ ಲೈಪ್‌ಜಿಗ್‌ಗೆ ತೆರಳಿ, ಅಣುಗಳ ವಿದ್ಯುತ್ ಗುಣಗಳಲ್ಲಿ ಪ್ರಮಾಣವೆನಿಸಿದ್ದ ಪೀಟರ್ ಡೆಬೈ ಅವರ ಬಳಿ ಕಲಿತರು. 1929ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾ ಶಾಸ್ತ್ರದ ಸಹಾಯಕ ಪ್ರಾಧ್ಯಾಪಕರಾದರು. 1932ರಲ್ಲಿ ವಕೀಲೆಯಾಗಿದ್ದ ಎಲಿಜಬೆತ್ ರಾಬರ್ಟ್ಸ್ ಅವರನ್ನು ವಿವಾಹವಾದರು.

1936ರಲ್ಲಿ ತಮ್ಮ ರಾಬರ್ಟ್ ಜೊತೆ ಸೇರಿ ಸೀ ಅರ್ಚಿನ್ ಮೊಟ್ಟೆಗಳನ್ನು ಮತ್ತೆ ಕೈಗೆತ್ತಿಕೊಂಡರು. ಈ ಬಾರಿ ಸೆಕೆಂಡಿಗೆ ಸಾವಿರದಿಂದ ಒಂದು ಕೋಟಿಗೂ ಮೀರಿದ ಆವರ್ತಗಳವರೆಗೆ ಅಳತೆ ನಡೆಯಿತು. ಫಲಿತವಾಗದ ಮೊಟ್ಟೆಯ ಪೊರೆಯ ಧಾರಕತೆ ಚದರ ಸೆಂಟಿಮೀಟರಿಗೆ 0.73 ಮೈಕ್ರೋಫ್ಯಾರಡ್ ಇದ್ದರೆ, ಫಲಿತಗೊಂಡ ಮೊಟ್ಟೆಯಲ್ಲಿ ಕಡಿಮೆ ಆವೃತ್ತಿಯ ಬೆಲೆ 3.1ಕ್ಕೆ ಏರಿತ್ತು. ಕೋಶದ ಬದುಕಿನಲ್ಲಿ ಒಂದು ಘಟನೆ ನಡೆದುದನ್ನು, ಕೋಶವನ್ನು ಒಡೆಯದೆ, ಬಣ್ಣ ಹಾಕದೆ, ಹೊರಗಿನಿಂದ ವಿದ್ಯುತ್ ಮಾತ್ರದಿಂದ ತಿಳಿಯಬಹುದು ಎಂಬುದು ಇದರಿಂದ ಸ್ಪಷ್ಟವಾಯಿತು. ಜೀವಕೋಶ ಕೃಷಿಯನ್ನು ವಿದ್ಯುತ್ತಿನಿಂದ ಗಮನಿಸುವ ಇಂದಿನ ವಿಧಾನದ ತಿರುಳು ಈ ಪ್ರಯೋಗದಲ್ಲೇ ಇದೆ ಎನ್ನಬಹುದು.

ಬೇರೆ ಬೇರೆ ಜೀವಿಗಳ ಕೋಶಗಳನ್ನು ಅಳೆದಂತೆಲ್ಲ ಪೊರೆಯ ಧಾರಕತೆ ಚದರ ಸೆಂಟಿಮೀಟರಿಗೆ ಒಂದು ಮೈಕ್ರೋಫ್ಯಾರಡ್‌ನ ಆಸುಪಾಸಿನಲ್ಲೇ ಬರುತ್ತಿತ್ತು. ಈ ಸಂಖ್ಯೆ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಆದರೆ ಅಂಗಾಂಶಗಳು ಶುದ್ಧ ಧಾರಕದಂತೆ ವರ್ತಿಸುತ್ತಿರಲಿಲ್ಲ. ಅರ್ಧವೃತ್ತವಾಗಬೇಕಿದ್ದ ಕಂಸ ಕೆಳಕ್ಕೆ ಕುಸಿದಂತೆ ಕಾಣುತ್ತಿತ್ತು. ಅಣ್ಣತಮ್ಮಂದಿರು 1941ರಲ್ಲಿ ಇದಕ್ಕೆ ಒಂದು ಸಮೀಕರಣವನ್ನು ನೀಡಿದರು. ಕೋಲ್–ಕೋಲ್ ಸಮೀಕರಣವೆಂದು ಹೆಸರಾದ ಅದನ್ನು ಜೀವಶಾಸ್ತ್ರಜ್ಞರಷ್ಟೇ ಅಲ್ಲ, ಪಾಲಿಮರ್‌ಗಳನ್ನೂ ಭೂಗರ್ಭದ ಶಿಲೆಗಳನ್ನೂ ಅಧ್ಯಯನ ಮಾಡುವವರು ಬಳಸುತ್ತಾರೆ. ಇಬ್ಬರು ಲೇಖಕರದೂ ಒಂದೇ ಹೆಸರಾದ್ದರಿಂದ ಅದನ್ನು ಒಬ್ಬರದೇ ಸಮೀಕರಣವೆಂದು ತಪ್ಪು ತಿಳಿಯುವುದುಂಟು.

ಸ್ಕ್ವಿಡ್‌ನ ನರತಂತು

ನರದ ಮೂಲಕ ಸಂದೇಶ ಸಾಗುವುದು ವಿದ್ಯುತ್ ಅಲೆಯಾಗಿ ಎಂಬುದು ತಿಳಿದಿತ್ತು. ಆ ಕ್ಷಣದಲ್ಲಿ ಪೊರೆ ಅಯಾನುಗಳಿಗೆ ತೆರೆದುಕೊಳ್ಳುತ್ತದೆ ಎಂದು ಜರ್ಮನಿಯ ಜೂಲಿಯಸ್ ಬರ್ನ್‌ಸ್ಟೈನ್ 1902ರಲ್ಲಿ ಊಹಿಸಿದ್ದರು. ಊಹೆಯನ್ನು ಪರೀಕ್ಷಿಸಲು ನರತಂತುಗಳು ತೀರ ಸಣ್ಣವಾಗಿದ್ದವು. 1936ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜೆ. ಝಡ್. ಯಂಗ್, ಸ್ಕ್ವಿಡ್‌ನ ದೇಹದಲ್ಲಿ ಅರ್ಧ ಮಿಲಿಮೀಟರಿಗೂ ಮೀರಿ ದಪ್ಪವಿರುವ ದೈತ್ಯ ನರತಂತು ಇದೆಯೆಂದು ಸಂಶೋಧಕರ ಗಮನಕ್ಕೆ ತಂದರು. ನಮ್ಮ ಕರಾವಳಿಯ ಮೀನು ಮಾರುಕಟ್ಟೆಗಳಲ್ಲಿ ಬೊಂಡಾಸ್ ಎಂದು ಮಾರುವುದೂ ಸ್ಕ್ವಿಡ್ ಜಾತಿಯ ಜೀವಿಯನ್ನೇ. ವುಡ್ಸ್ ಹೋಲ್‌ನ ಕಡಲಿನಲ್ಲಿ ಅದು ಬೇಸಿಗೆಯಲ್ಲಿ ಹೇರಳವಾಗಿ ಸಿಗುತ್ತಿತ್ತು.

ಕೋಲ್ ಮತ್ತು ಕರ್ಟಿಸ್ ಮೊದಲು ನಿಟೆಲ್ಲಾ ಎಂಬ ಸಿಹಿನೀರಿನ ಪಾಚಿಯ ಉದ್ದನೆಯ ಕೋಶದಲ್ಲಿ ಅಳತೆ ನಡೆಸಿ, ಬಳಿಕ ಸ್ಕ್ವಿಡ್‌ಗೆ ಬಂದರು. ನರತಂತುವಿನ ಎರಡು ಬದಿಗಳಲ್ಲಿ ವಿದ್ಯುದ್ವಾರಗಳನ್ನಿಟ್ಟು, ವಿಶ್ರಾಂತ ಸ್ಥಿತಿಯಲ್ಲಿ ಸೇತುವೆ ಮಂಡಲವನ್ನು ಸಮತೋಲನಕ್ಕೆ ತಂದು, ಅನಂತರ ನರವನ್ನು ಪ್ರಚೋದಿಸಿದರು. ಸಂದೇಶ ಹಾದುಹೋಗುವ ಕ್ಷಣದಲ್ಲಿ ಸಮತೋಲನ ತಪ್ಪಿ, ಆಸಿಲೋಸ್ಕೋಪ್ ಪರದೆಯ ಮೇಲಿನ ತೆಳುಗೆರೆ ಅಗಲವಾದ ಪಟ್ಟಿಯಾಗಿ ಹರಡಿತು. ಚದರ ಸೆಂಟಿಮೀಟರಿನ ಲೆಕ್ಕದಲ್ಲಿ ಪೊರೆಯ ರೋಧ ಸುಮಾರು 1000 ಓಮ್‌ನಿಂದ 25 ಓಮ್‌ಗೆ ಇಳಿದಿತ್ತು. ಧಾರಕತೆಯಲ್ಲಿ ಆದ ಬದಲಾವಣೆ ಶೇಕಡ 2ರಷ್ಟು ಮಾತ್ರ. ಎಂದರೆ, ಪೊರೆ ಹರಿದುಹೋಗಿರಲಿಲ್ಲ. ಅದರ ಬಹುಭಾಗ ಹಾಗೆಯೇ ಇದ್ದು, ಅತ್ಯಲ್ಪ ಭಾಗದಲ್ಲಿ ಅಯಾನುಗಳಿಗೆ ದಾರಿ ತೆರೆದುಕೊಂಡಿತ್ತು. ಇಂದು ಅಯಾನು ಕಾಲುವೆಗಳು ಎನ್ನಲಾಗುವ ಪ್ರೋಟೀನುಗಳ ಸುಳಿವು ಈ ಎರಡು ಸಂಖ್ಯೆಗಳಲ್ಲಿತ್ತು. ಅವು ಪ್ರೋಟೀನುಗಳೆಂದು ತಿಳಿಯಲು ಮತ್ತೂ ಹಲವು ದಶಕಗಳು ಬೇಕಾದವು. 1938ರಲ್ಲಿ ಕೇಂಬ್ರಿಜ್‌ನ ಯುವಕ ಅಲನ್ ಹಾಜ್‌ಕಿನ್ ವುಡ್ಸ್ ಹೋಲ್‌ಗೆ ಬಂದು ಈ ಪ್ರಯೋಗಗಳನ್ನು ಕಣ್ಣಾರೆ ಕಂಡರು. ಪೊರೆಯ ರೋಧವನ್ನು ಕುರಿತು ಕೋಲ್ ಅವರೊಡನೆ ಒಂದು ಲೇಖನವನ್ನೂ ಬರೆದರು.

ಯುದ್ಧಕಾಲ ಮತ್ತು ವೋಲ್ಟೇಜ್ ಕ್ಲ್ಯಾಂಪ್

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೋಲ್ ಅವರು ಅಣುಬಾಂಬ್ ಯೋಜನೆಯ ಭಾಗವಾಗಿದ್ದ ಷಿಕಾಗೋದ ಲೋಹಶಾಸ್ತ್ರ ಪ್ರಯೋಗಾಲಯದಲ್ಲಿ, ವಿಕಿರಣದ ಜೈವಿಕ ಪರಿಣಾಮಗಳ ಅಧ್ಯಯನದಲ್ಲಿ ತೊಡಗಿದ್ದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಜೀವಭೌತವಿಜ್ಞಾನದ ಪ್ರಾಧ್ಯಾಪಕರಾದರು.

ನರದ ಅಧ್ಯಯನದಲ್ಲಿ ಒಂದು ತೊಡಕು ಉಳಿದಿತ್ತು. ಪ್ರಚೋದನೆ ಒಂದು ಮಿತಿಯನ್ನು ದಾಟಿದೊಡನೆ ಪೊರೆಯ ವೋಲ್ಟೇಜ್ ತಾನಾಗಿಯೇ ಏರಿ ಇಳಿದುಬಿಡುತ್ತದೆ. ವೋಲ್ಟೇಜ್ ಬದಲಾದರೆ ಪೊರೆಯ ವಾಹಕತೆ ಬದಲಾಗುತ್ತದೆ, ವಾಹಕತೆ ಬದಲಾದರೆ ವೋಲ್ಟೇಜ್ ಬದಲಾಗುತ್ತದೆ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಹೇಗೆ? ಕೋಲ್ ಕಂಡುಕೊಂಡ ಉಪಾಯವೆಂದರೆ, ವೋಲ್ಟೇಜನ್ನು ಬದಲಾಗಲು ಬಿಡದೆ ಹಿಡಿದಿಡುವುದು. ನರತಂತುವಿನ ಒಳಗೆ ಉದ್ದಕ್ಕೂ ಒಂದು ತಂತಿಯನ್ನು ತೂರಿಸಿ, ಇಲೆಕ್ಟ್ರಾನಿಕ್ ಹಿಮ್ಮಾಹಿತಿ ಮಂಡಲದ ಮೂಲಕ ವೋಲ್ಟೇಜನ್ನು ಬೇಕಾದ ಬೆಲೆಯಲ್ಲಿ ನಿಲ್ಲಿಸಿ, ಹಾಗೆ ನಿಲ್ಲಿಸಲು ಎಷ್ಟು ವಿದ್ಯುತ್ ಪ್ರವಾಹ ಬೇಕಾಗುತ್ತದೆ ಎಂಬುದನ್ನು ಅಳೆಯುವುದು. ಜಾರ್ಜ್ ಮಾರ್ಮಾಂಟ್ ಅವರ ಇಲೆಕ್ಟ್ರಾನಿಕ್ ಕೌಶಲದ ನೆರವಿನಿಂದ 1947ರ ಬೇಸಿಗೆಯಲ್ಲಿ ವುಡ್ಸ್ ಹೋಲ್‌ನಲ್ಲಿ ಇದು ಸಾಧ್ಯವಾಯಿತು. ಮೊದಲು ಒಳಮುಖವಾಗಿ, ಬಳಿಕ ಹೊರಮುಖವಾಗಿ ಹರಿಯುವ ಪ್ರವಾಹ ದಾಖಲಾಯಿತು.

ಕೋಲ್ ತಮ್ಮ ವಿಧಾನವನ್ನು ಹಾಜ್‌ಕಿನ್ ಅವರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದರು. ಹಾಜ್‌ಕಿನ್, ಆಂಡ್ರೂ ಹಕ್ಸ್‌ಲಿ ಮತ್ತು ಬರ್ನಾರ್ಡ್ ಕಾಟ್ಸ್ ಅದನ್ನು ಸುಧಾರಿಸಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಪ್ರಯೋಗಗಳನ್ನು ನಡೆಸಿದರು. ಕಡಲನೀರಿನ ಸೋಡಿಯಂ ಬದಲಿಗೆ ಕೋಲೀನ್ ಬೆರೆಸಿ ನೋಡಿದಾಗ ಮೊದಲಿನ ಒಳಪ್ರವಾಹ ಸೋಡಿಯಂನದು, ಅನಂತರದ ಹೊರಪ್ರವಾಹ ಪೊಟ್ಯಾಸಿಯಂನದು ಎಂದು ತಿಳಿಯಿತು. ಹಾಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಪ್ರಕಟಿಸಿದ ಸಮೀಕರಣಗಳು ನರಸಂದೇಶದ ಗಣಿತವನ್ನು ಪೂರ್ಣವಾಗಿ ಕಟ್ಟಿಕೊಟ್ಟವು. 1963ರ ನೊಬೆಲ್ ಪ್ರಶಸ್ತಿ ಇವರಿಬ್ಬರಿಗೂ ಜಾನ್ ಎಕಲ್ಸ್ ಅವರಿಗೂ ಸಂದಿತು. ಕೋಲ್ ಅವರ ಹೆಸರು ಅದರಲ್ಲಿರಲಿಲ್ಲ.

ಇದು ಅನ್ಯಾಯವೇ ಎಂಬ ಚರ್ಚೆ ವಿಜ್ಞಾನದ ಇತಿಹಾಸದಲ್ಲಿ ನಡೆಯುತ್ತಲೇ ಬಂದಿದೆ. ಪೊರೆಯ ರೋಧ ಕುಸಿಯುವುದನ್ನು ತೋರಿಸಿದ್ದೂ ಕ್ಲ್ಯಾಂಪ್ ಉಪಾಯ ಹೂಡಿದ್ದೂ ಕೋಲ್. ಆದರೆ ಪ್ರವಾಹಗಳನ್ನು ಅಯಾನುಗಳಾಗಿ ಬಿಡಿಸಿ, ಅರ್ಥ ಹಚ್ಚಿದ್ದು ಕೇಂಬ್ರಿಜ್‌ನವರು. ಆ ಹೆಜ್ಜೆಯನ್ನು ಕೋಲ್ ಇಡಲಿಲ್ಲ. ಅವರು ಮೂಲತಃ ಅಳತೆಗಾರರು, ವಿದ್ಯುತ್ ಮಂಡಲಗಳ ಭಾಷೆಯಲ್ಲಿ ಯೋಚಿಸುವವರು. ರಾಸಾಯನಿಕ ಪ್ರಶ್ನೆಯನ್ನು ಕೇಳುವ ಅಭ್ಯಾಸ ಅವರಿಗೆ ಅಷ್ಟಾಗಿ ಇರಲಿಲ್ಲವೆಂದು ಅವರ ಲೇಖನಗಳನ್ನು ಓದಿದವರಿಗೆ ಅನ್ನಿಸುತ್ತದೆ. ಹಾಗಿದ್ದೂ ತಮ್ಮ ಉಪಕರಣದಿಂದ ಇತರರು ಕಂಡ ಸತ್ಯವನ್ನು ಒಪ್ಪಿ, ಅದನ್ನು ಮತ್ತಷ್ಟು ಕಠಿಣವಾಗಿ ಪರೀಕ್ಷಿಸುವ ಕೆಲಸಕ್ಕೆ ತಮ್ಮ ಮುಂದಿನ ವರ್ಷಗಳನ್ನು ಮೀಸಲಿಟ್ಟರು.

ನಂತರದ ವರ್ಷಗಳು

1949ರಲ್ಲಿ ಕೋಲ್ ಬೆಥೆಸ್ಡಾದ ನೌಕಾಪಡೆಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ತಾಂತ್ರಿಕ ನಿರ್ದೇಶಕರಾದರು. 1954ರಲ್ಲಿ ಅದೇ ಊರಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಜೀವಭೌತವಿಜ್ಞಾನ ಪ್ರಯೋಗಾಲಯದ ಮುಖ್ಯಸ್ಥರಾದರು. ಹಾಜ್‌ಕಿನ್–ಹಕ್ಸ್‌ಲಿ ಸಮೀಕರಣಗಳನ್ನು ಬಿಡಿಸಲು ಕೈಯಿಂದ ತಿರುಗಿಸುವ ಯಂತ್ರದಲ್ಲಿ ವಾರಗಟ್ಟಲೆ ಲೆಕ್ಕ ಮಾಡಬೇಕಿದ್ದ ಕಾಲವದು. ಕೋಲ್ ಮತ್ತು ಸಹೋದ್ಯೋಗಿಗಳು ಅವುಗಳನ್ನು ಕಂಪ್ಯೂಟರಿಗೆ ಅಳವಡಿಸಿ 1955ರಲ್ಲಿ ಫಲಿತಾಂಶ ಪ್ರಕಟಿಸಿದರು. ಜಾನ್ ಮೂರ್ ಅವರೊಂದಿಗೆ ಪೊಟ್ಯಾಸಿಯಂ ಪ್ರವಾಹ ತಡವಾಗಿ ಆರಂಭವಾಗುವ ರೀತಿಯನ್ನು ಅಧ್ಯಯನ ಮಾಡಿದರು. 1960ರ ಆ ಶೋಧ ಕೋಲ್–ಮೂರ್ ಪರಿಣಾಮವೆಂದು ಹೆಸರಾಗಿದೆ. ಕ್ಲ್ಯಾಂಪ್ ಅಳತೆಯಲ್ಲಿ ನುಸುಳುವ ದೋಷಗಳನ್ನು ತಾವೇ ಹುಡುಕಿ ಅದೇ ವರ್ಷ ಸಹಲೇಖಕರೊಡನೆ ಬರೆದದ್ದೂ ಉಲ್ಲೇಖನೀಯ.

ಅಮೆರಿಕದ ಜೀವಭೌತವಿಜ್ಞಾನ ಸಂಘವನ್ನು ಕಟ್ಟಿದವರಲ್ಲಿ ಅವರೊಬ್ಬರು. 1956ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ, 1967ರಲ್ಲಿ ರಾಷ್ಟ್ರೀಯ ವಿಜ್ಞಾನ ಪದಕ, 1972ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ವಿದೇಶಿ ಸದಸ್ಯತ್ವ ದೊರೆತವು. 1960ರ ದಶಕದ ನಡುಭಾಗದಿಂದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಪೊರೆಗಳು, ಅಯಾನುಗಳು ಮತ್ತು ನರಸ್ಪಂದನಗಳನ್ನು ಕುರಿತ ಅವರ ದೊಡ್ಡ ಗ್ರಂಥ 1968ರಲ್ಲಿ ಹೊರಬಂತು. ತಾವು ನಡೆದ ದಾರಿಯನ್ನು, ದಾರಿ ತಪ್ಪಿದ ಸಂದರ್ಭಗಳನ್ನೂ ಸೇರಿಸಿ, ಅದರಲ್ಲಿ ವಿವರಿಸಿದ್ದಾರೆ. ಸಹೋದ್ಯೋಗಿಗಳು ಅವರನ್ನು ಕೇಸಿ ಎಂದು ಕರೆಯುತ್ತಿದ್ದರು. 1984ರ ಏಪ್ರಿಲ್ 18ರಂದು ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ನಿಧನರಾದರು. ಅವರ ಹೆಸರಿನ ಪ್ರಶಸ್ತಿಯನ್ನು ಪೊರೆಗಳ ಅಧ್ಯಯನಕ್ಕಾಗಿ ಇಂದಿಗೂ ನೀಡಲಾಗುತ್ತದೆ.

ಜೀವಕೋಶ ಕೃಷಿಯಲ್ಲಿ ಕೋಲ್ ಅವರ ವಿಧಾನ

ಕೋಲ್ ತೀರಿಕೊಂಡ ವರ್ಷವೇ ಅವರ ವಿಧಾನ ಹೊಸ ರೂಪದಲ್ಲಿ ಕಾಣಿಸಿಕೊಂಡಿತು. ಭೌತಶಾಸ್ತ್ರದಲ್ಲಿ 1973ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡಿದ್ದ ಐವರ್ ಯೇವರ್, ಚಾರ್ಲ್ಸ್ ಕೀಸ್ ಅವರೊಂದಿಗೆ ಸೇರಿ, ಕೃಷಿ ತಟ್ಟೆಯ ತಳದಲ್ಲಿ ಅತಿ ಚಿಕ್ಕ ಚಿನ್ನದ ವಿದ್ಯುದ್ವಾರವನ್ನು ಇಟ್ಟು, ಅದರ ಮೇಲೆ ಕೋಶಗಳನ್ನು ಬೆಳೆಸುವ ತಂತ್ರವನ್ನು 1984ರಲ್ಲಿ ಪ್ರಕಟಿಸಿದರು. ಯೇವರ್ ಕೆಲಸ ಮಾಡುತ್ತಿದ್ದುದು, ಕೋಲ್ ವಿದ್ಯಾರ್ಥಿಯಾಗಿ ದುಡಿದಿದ್ದ ಅದೇ ಸ್ಕೆನೆಕ್ಟಡಿಯ ಸಂಶೋಧನಾಲಯದಲ್ಲಿ.

ಕೋಶಗಳು ಚಿನ್ನದ ಮೇಲೆ ಅಂಟಿಕೊಂಡು ಹರಡಿದಂತೆ ವಿದ್ಯುತ್ತಿನ ದಾರಿ ಮುಚ್ಚುತ್ತ ಹೋಗಿ ಇಂಪೀಡೆನ್ಸ್ ಏರುತ್ತದೆ. ತಟ್ಟೆಯ ತಳ ಪೂರ್ತಿ ತುಂಬಿದಾಗ ಏರಿಕೆ ನಿಂತು ಸಮಸ್ಥಿತಿಗೆ ಬರುತ್ತದೆ. ವಿಷ ಬೆರೆಸಿದರೆ ಕೋಶಗಳು ಸತ್ತು ಬಿಡಿಸಿಕೊಂಡು ಮತ್ತೆ ಇಳಿಯುತ್ತದೆ. ವಿದ್ಯುದ್ವಾರ ಚಿಕ್ಕದಾಗಿರುವುದು ಇಲ್ಲಿ ಮುಖ್ಯ. ದೊಡ್ಡದಾದರೆ ದ್ರಾವಣದ ರೋಧವೇ ಮೇಲುಗೈಯಾಗಿ ಕೋಶಗಳ ಸುಳಿವು ಅದರಲ್ಲಿ ಮುಳುಗಿಹೋಗುತ್ತದೆ. ಬಳಸುವ ಪ್ರವಾಹ ಒಂದು ಮೈಕ್ರೋಆಂಪಿಯರ್‌ನಷ್ಟು ಮಾತ್ರವಾದ್ದರಿಂದ ಕೋಶಗಳಿಗೆ ಹಾನಿಯಿಲ್ಲ. ತಟ್ಟೆಯನ್ನು ಹೊರತೆಗೆಯದೆ, ದಿನಗಟ್ಟಲೆ ಕೆಲವು ನಿಮಿಷಗಳಿಗೊಮ್ಮೆ ಅಳತೆ ಪಡೆಯಬಹುದು.

ತಳಕ್ಕೆ ಅಂಟದೆ ದ್ರವದಲ್ಲಿ ತೇಲುತ್ತ ಬೆಳೆಯುವ ಕೋಶಗಳಿಗೆ ಕೋಲ್ ಅವರ 1928ರ ಗೋಳಗಳ ಲೆಕ್ಕ ನೇರವಾಗಿ ಒದಗುತ್ತದೆ. ಔಷಧ ತಯಾರಿಸುವ ದೊಡ್ಡ ಹುದುಗು ತೊಟ್ಟಿಗಳಲ್ಲಿ ಒಂದು ಕಡ್ಡಿಯಂಥ ಶೋಧಕವನ್ನು ಮುಳುಗಿಸಿ ರೇಡಿಯೋ ಆವೃತ್ತಿಯಲ್ಲಿ ಧಾರಕತೆಯನ್ನು ಅಳೆಯುತ್ತಾರೆ. ಪೊರೆ ಗಟ್ಟಿಯಾಗಿರುವ ಕೋಶ ಮಾತ್ರ ಧಾರಕವಾಗಿ ವರ್ತಿಸುತ್ತದೆ. ಸತ್ತು ಸೋರುವ ಕೋಶ ಲೆಕ್ಕಕ್ಕೆ ಬರುವುದಿಲ್ಲ. ಬೆಳಕಿನಿಂದ ಅಳೆಯುವ ವಿಧಾನಗಳಿಗೆ ಸತ್ತದ್ದಕ್ಕೂ ಬದುಕಿದ್ದಕ್ಕೂ ಇಷ್ಟು ಸುಲಭವಾಗಿ ವ್ಯತ್ಯಾಸ ತಿಳಿಯದು.

ಕೀಟಗಳ ಕೋಶಕೃಷಿಯಲ್ಲೂ ಈ ಅಳತೆ ಬಳಕೆಯಲ್ಲಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ರೈತರು ಸಾಕುವ ರೇಷ್ಮೆಹುಳುವಿನ ಅಂಡಾಶಯದಿಂದ ಪಡೆದು ಪ್ರಯೋಗಾಲಯಗಳಲ್ಲಿ ಬೆಳೆಸುವ ಕೋಶಗಳಿಗೆ ಬಿಎಂಎನ್ ಎಂದು ಹೆಸರು. ರೇಷ್ಮೆ ಬೆಳೆಗಾರರು ಹಾಲುತೊಂಡೆ ಎಂದು ಕರೆಯುವ ರೋಗದ ವೈರಸ್ ಈ ಕೋಶಗಳಲ್ಲಿ ಬೆಳೆಯುತ್ತದೆ. ಇದೇ ಗುಂಪಿನ ವೈರಸ್ ಸೋಂಕಿದ ಕೀಟಕೋಶಗಳು ಸಾಯುವ ಮೊದಲು ಊದಿಕೊಳ್ಳುತ್ತವೆ. ಗಾತ್ರ ಹಿಗ್ಗಿದಾಗ ಧಾರಕತೆಯ ಅಳತೆ ಏರಿ, ಪೊರೆ ಒಡೆದಾಗ ಕುಸಿಯುವುದರಿಂದ, ಸೋಂಕು ಯಾವ ಹಂತದಲ್ಲಿದೆ ಎಂಬುದನ್ನು ತೊಟ್ಟಿಯನ್ನು ತೆರೆಯದೆ ತಿಳಿಯಬಹುದು. ಆದರೆ ಕೋಶಗಳ ಸಂಖ್ಯೆ ಹೆಚ್ಚಿತೋ ಗಾತ್ರ ಹೆಚ್ಚಿತೋ ಎಂಬುದನ್ನು ಒಂದೇ ಆವೃತ್ತಿಯ ಅಳತೆ ಬೇರ್ಪಡಿಸಿ ಹೇಳಲಾರದು. ಅದಕ್ಕೆ ಕೋಲ್ ಮಾಡಿದಂತೆ ಹಲವು ಆವೃತ್ತಿಗಳಲ್ಲಿ ಅಳೆದು ಕಂಸದ ಆಕಾರವನ್ನು ನೋಡಬೇಕಾಗುತ್ತದೆ. ಅನುಮಾನವಿದ್ದಲ್ಲಿ ಸೂಕ್ಷ್ಮದರ್ಶಕದಡಿ ಕೋಶಗಳನ್ನು ಎಣಿಸಿ ತಾಳೆ ನೋಡುವ ಪದ್ಧತಿ ಈಗಲೂ ಇದೆ.